ನೆಲ ನಿಜಕ್ಕೂ ಡೊಂಕಾಗಿದ್ದರೆ?

ಮ್ಯಾಂಡೊಲಿನ್ ಕಲಿಯಲು ಹೊರಟವರು ಆರನೆಯ ವಾರಕ್ಕೋ ಎಂಟನೆಯ ವಾರಕ್ಕೋ ಒಂದು ದೂರು ಹೊತ್ತು ಬರುತ್ತಾರೆ. ಎಡಗೈ ಹೆಬ್ಬೆರಳಿನ ಬುಡ ನೋಯುತ್ತದೆ. ಕಿರುಬೆರಳು ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಒಂದು ಜೋಡಿ ತಂತಿ ಒತ್ತಿದರೆ ಬೆರಳು ಪಕ್ಕದ ಜೋಡಿಗೂ ತಾಗಿ ಆ ಸ್ವರ ಸತ್ತು ಬೀಳುತ್ತದೆ. ಈ ದೂರಿಗೆ ಮೇಷ್ಟ್ರ ಹತ್ತಿರ, ಅಂಗಡಿಯವರ ಹತ್ತಿರ, ಮನೆಯಲ್ಲಿ ಕಾಫಿ ಕುಡಿಯುತ್ತಾ ಕೇಳಿಸಿಕೊಳ್ಳುವವರ ಹತ್ತಿರ ಇರುವುದು ಎರಡೇ ಉತ್ತರ. ಸೌಮ್ಯವಾದದ್ದು, "ಕೈ ಹೊಂದಿಕೊಳ್ಳುತ್ತೆ ಬಿಡಿ." ಖಾರವಾದದ್ದು ಗಾದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಈ ಗಾದೆಯ ಹಳೆಯ ರೂಪದಲ್ಲಿ "ಕುಣಿಯಲಾರದ" ಆದಮೇಲೆ ಬೇರೊಂದು ಪದವಿತ್ತು. ಪಠ್ಯಪುಸ್ತಕದವರು ಅದನ್ನು ತೊಳೆದು ಹಾಕಿದರು. ಆದರೂ ತಪ್ಪಿತಸ್ಥೆ ಹೆಣ್ಣಾಗಿಯೇ ಉಳಿದಳು. ಅದು ಹಾಗಿರಲಿ. ನನಗೆ ಕುತೂಹಲ ಇರುವುದು ಇನ್ನೊಂದು ವಿಷಯದಲ್ಲಿ. ಆಕೆ ದೂರು ಹೇಳಿದ ಮೇಲೆ ಯಾರಾದರೂ ಹೋಗಿ ಆ ನೆಲವನ್ನು ನೋಡಿದರೇ? ಒಂದು ದಾರ ಹಿಡಿದು, ಒಂದು ಗೋಲಿ ಉರುಳಿಸಿ, ಡೊಂಕೋ ಅಲ್ಲವೋ ಎಂದು ಪರೀಕ್ಷೆ ಮಾಡಿದರೇ? ಮ್ಯಾಂಡೊಲಿನ್ ವಿಷಯದಲ್ಲಂತೂ ಯಾರೂ ಮಾಡುತ್ತಿಲ್ಲ. ಇಲ್ಲಿ ನೆಲ ಬಹಳ ಸಲ ನಿಜಕ್ಕೂ ಡೊಂಕಾಗಿರುತ್ತದೆ, ಡೊಂಕನ್ನು ಮಿಲಿಮೀಟರಿನಲ್ಲಿ ಅಳೆಯಬಹುದು, ಮತ್ತು ಹಾಗೆ ಅಳೆಯದೆ ಕೊಳ್ಳುವುದರಿಂದ ಜನ ಸಂಗೀತವನ್ನೇ ಬಿಟ್ಟು ಹೋಗುತ್ತಿದ್ದಾರೆ.

ನನ್ನ ವಾದ ಇಷ್ಟು. ಎರಡು ಮ್ಯಾಂಡೊಲಿನ್ ಮುಂದಿಟ್ಟುಕೊಂಡು ಯಾವುದನ್ನು ಒಯ್ಯಲಿ ಎಂದು ಯೋಚಿಸುವಾಗ ಮೊದಲು ನೋಡಬೇಕಾದ್ದು ನೆಕ್, ಎಂದರೆ ಎಡಗೈ ಹಿಡಿಯುವ ಆ ಉದ್ದನೆಯ ಹಿಡಿ. ನಾದ ಆಮೇಲೆ. ನಾದ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ನೀವು ನಾದ ಎಂದು ಮೆಚ್ಚಿಕೊಳ್ಳುವುದರಲ್ಲಿ ದೊಡ್ಡ ಪಾಲು ನೆಕ್ಕಿನ ಮೇಲೆ ಹುಟ್ಟುತ್ತದೆ ಎನ್ನುತ್ತಿದ್ದೇನೆ.

ಈ ವಾದ್ಯವನ್ನು ಕೈಯಲ್ಲಿ ಹಿಡಿಯದವರಿಗೆ ಎರಡು ಮಾತು. ಮ್ಯಾಂಡೊಲಿನ್‌ಗೆ ಎಂಟು ತಂತಿ, ನಾಲ್ಕು ಜೋಡಿ. ಶ್ರುತಿ ಪಿಟೀಲಿನದೇ. ತಂತಿಯ ಉದ್ದ, ಅಂದರೆ ಮೇಲಿನ ನಟ್‌ನಿಂದ ಕೆಳಗಿನ ಕುದುರೆಯ ತನಕ, ಸುಮಾರು 350 ಮಿಲಿಮೀಟರು. ಎಂಟೂ ತಂತಿ ಸೇರಿ ವಾದ್ಯವನ್ನು ಎಳೆಯುವ ಬಲ ಹೆಚ್ಚುಕಡಿಮೆ 80 ಕಿಲೋ, ಒಬ್ಬ ದಷ್ಟಪುಷ್ಟ ಮನುಷ್ಯನ ತೂಕ. ಅಷ್ಟನ್ನು ತಾಳಿಕೊಂಡು ನಿಂತಿರುವುದು ಎರಡು ಬೆರಳು ದಪ್ಪದ ಮರ. ಆ ಮರದ ಮೇಲೆ ನಿಮ್ಮ ನಾಲ್ಕು ಬೆರಳು ಓಡಾಡಬೇಕು.

ಈಗ ನಾದದ ವಿಷಯಕ್ಕೆ ಬರೋಣ, ಏಕೆಂದರೆ ಮೋಸ ಶುರುವಾಗುವುದು ಅಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಆನ್‌ಲೈನ್ ಅಂಗಡಿಗಾಗಿ ವಾದ್ಯಗಳ ವಿವರಣೆಯನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ಹೆಸರು ಬೇಡ. ಪದಕ್ಕೆ ಇಷ್ಟು ಎಂದು ಲೆಕ್ಕ, ಜೊತೆಗೆ ಅವರದೇ ಒಂದು ಪದಪಟ್ಟಿ, ಅದನ್ನು ಬಿಟ್ಟು ಆಚೀಚೆ ಹೋಗುವಂತಿಲ್ಲ. ಪಟ್ಟಿಯ ಪ್ರಕಾರ "ವಾರ್ಮ್ ಟೋನ್" ಅಂದರೆ "ಬೆಚ್ಚಗಿನ ಧ್ವನಿ". "ರಿಚ್" ಅಂದರೆ "ಶ್ರೀಮಂತ ಧ್ವನಿ". "ವುಡಿ" ಅಂದರೆ, ನಂಬಿ, "ಮರದ ಧ್ವನಿ". ಬೆಚ್ಚಗಿನ ಧ್ವನಿ ಎಂದರೆ ಕನ್ನಡದ ಕಿವಿಗೆ ಏನು ಕೇಳಬೇಕು? ನೆಗಡಿಯಾದವರು ಬಿಸಿನೀರು ಕುಡಿದು ಹಾಡಿದ ಹಾಗೆಯೇ? ಬದಲಾಯಿಸಿ ಎಂದು ಬರೆದೆ. ಬದಲಾಯಿಸಲಿಲ್ಲ. ಅದಕ್ಕಿಂತ ಮಜಾ ಎಂದರೆ, ಆರು ಸಾವಿರದ ವಾದ್ಯಕ್ಕೂ ಅದರ ಹತ್ತು ಪಟ್ಟು ಬೆಲೆಯ ವಾದ್ಯಕ್ಕೂ ಧ್ವನಿ ಒಂದೇ ಸಮ ಬೆಚ್ಚಗಿತ್ತು, ಒಂದೇ ಸಮ ಶ್ರೀಮಂತವಾಗಿತ್ತು. ನೆಕ್ಕಿನ ಬಗ್ಗೆ ಎಲ್ಲದರಲ್ಲೂ ಒಂದೇ ಒಂದು ಪದ: ಆರಾಮದಾಯಕ.

ಯಾರಿಗೆ ಆರಾಮ?

ಈ ಪ್ರಶ್ನೆಯನ್ನು ಇಂಗ್ಲಿಷ್ ಕೇಳದೆ ಬಿಡಬಹುದು, ಕನ್ನಡ ಬಿಡುವುದಿಲ್ಲ. ನೋವು, ಹಸಿವು, ಚಳಿ, ಆರಾಮ, ಇವೆಲ್ಲ ನಮ್ಮ ವ್ಯಾಕರಣದಲ್ಲಿ ಚತುರ್ಥಿ ವಿಭಕ್ತಿ ಬೇಡುವ ಸಂಗತಿಗಳು. ನನಗೆ ಹಸಿವು. ಅವರಿಗೆ ಚಳಿ. ನಿಮಗೆ ಆರಾಮವೇ? "-ಗೆ" ಇಲ್ಲದೆ ಆರಾಮ ಗಾಳಿಯಲ್ಲಿ ತೇಲುವುದಿಲ್ಲ, ಯಾರದೋ ಮೈಯಲ್ಲಿ ಬಂದು ಕೂರಬೇಕು. ವಾದ್ಯಕ್ಕೆ "ಆರಾಮದಾಯಕ" ಎಂಬ ವಿಶೇಷಣ ಅಂಟಿಸಿದ ಕೂಡಲೇ ಆ ಮೈ ಮಾಯವಾಯಿತು. ಅದೊಂದು ಗುಣವಾಗಿ ವಾದ್ಯದೊಳಗೆ ಸೇರಿಕೊಂಡಿತು. ಆಮೇಲೆ ನಿಮಗೆ ನೋವಾದರೆ ತಪ್ಪು ನಿಮ್ಮ ಮೈಯದೇ ಆಯಿತಲ್ಲ.

ನಾದವನ್ನು ಹೇಳಲು ಕನ್ನಡದಲ್ಲಿ ಪದ ಇಲ್ಲವೆಂದಲ್ಲ. ಅನುಕರಣ ಶಬ್ದಗಳಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಟಣ್ ಮತ್ತು ಟಕ್ ಅನ್ನು ಹೋಲಿಸಿ ನೋಡಿ. ಎರಡೂ ಶುರುವಾಗುವುದು ಒಂದೇ ಪೆಟ್ಟಿನಿಂದ. ಮೊದಲನೆಯದು ಅನುನಾಸಿಕದಲ್ಲಿ ಮುಗಿಯುತ್ತದೆ, ಅಂದರೆ ಸದ್ದು ಉಳಿದು ನಿಧಾನವಾಗಿ ಆರುತ್ತದೆ. ಎರಡನೆಯದು ಕತ್ತರಿಸಿದಂತೆ ನಿಲ್ಲುತ್ತದೆ. ಟಿಂಗ್, ಗುಂಯ್, ಡಬ್ ಕೂಡ ಹೀಗೆಯೇ. ಪೆಟ್ಟು ಹೇಗೆ ಬಿತ್ತು, ಸದ್ದು ಎಷ್ಟು ಹೊತ್ತು ಉಳಿಯಿತು, ಹೇಗೆ ಹೋಯಿತು ಎಂದು ಒಂದೇ ಉಸಿರಲ್ಲಿ ಹೇಳುತ್ತವೆ. ನನ್ನ ಕಿವಿಗೆ ಇವು "ಬೆಚ್ಚಗಿನ ಧ್ವನಿ"ಗಿಂತ ನೂರು ಪಾಲು ನಿಖರ. ಅಂಗಡಿಯಲ್ಲಿ ಕೂತು ಒಂದೊಂದೇ ಫ್ರೆಟ್ ಒತ್ತಿ ಮೀಟುತ್ತಾ ಹೋಗಿ. ಐದನೆಯದರಲ್ಲಿ ಟಣ್, ಒಂಬತ್ತರಲ್ಲಿ ಟಕ್ ಎಂದರೆ ನಿಮಗೆ ಏನೋ ಒಂದು ನಿಜವಾದ ವಿಷಯ ತಿಳಿಯಿತು. ಮತ್ತು ಆ ವಿಷಯ ಮರದ ಬಗ್ಗೆ ಆಗಿರುವುದು ಕಡಿಮೆ. ಫ್ರೆಟ್ ಮಟ್ಟವಾಗಿಲ್ಲ, ಅಥವಾ ನೆಕ್ ಬಾಗಿದೆ, ಅಥವಾ ನಿಮ್ಮ ಬೆರಳು ಫ್ರೆಟ್ಟಿನ ಹಿಂದೆ ಸರಿಯಾಗಿ ಕೂರಲು ಜಾಗ ಸಾಲುತ್ತಿಲ್ಲ.

ಜಾಗ ಎಂದೆ. ಅದರ ಲೆಕ್ಕ ನೋಡೋಣ. ನಟ್ ಬಳಿ ನೆಕ್ಕಿನ ಅಗಲ ಸಾಮಾನ್ಯವಾಗಿ 28 ಮಿಲಿಮೀಟರಿನ ಆಸುಪಾಸು. ಎರಡು ಅಂಚಿನಲ್ಲಿ ಮೂರು ಮೂರು ಬಿಟ್ಟರೆ ಉಳಿಯುವುದು 22. ಅದರೊಳಗೆ ನಾಲ್ಕು ಜೋಡಿ ಕೂರಬೇಕು, ಅಂದರೆ ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ ಏಳು ಚಿಲ್ಲರೆ ಮಿಲಿಮೀಟರು. ನಟ್ 30 ಇದ್ದರೆ ಅದು ಎಂಟು ಆಗುತ್ತದೆ. ಅಷ್ಟೇನಾ ಎನ್ನಬೇಡಿ. ಬೆರಳ ತುದಿ ಒಂದೂವರೆ ಸೆಂಟಿಮೀಟರ್ ಅಗಲ ಇರುವವರಿಗೆ ಆ ಮುಕ್ಕಾಲು ಮಿಲಿಮೀಟರಿನಲ್ಲೇ ಸ್ವರ ಬದುಕುವುದೂ ಸಾಯುವುದೂ ಇರುತ್ತದೆ. ಇನ್ನು ಉದ್ದದ ಕಡೆ. 350ರ ತಂತಿಯಲ್ಲಿ ನಟ್‌ನಿಂದ ಮೊದಲ ಫ್ರೆಟ್ಟಿಗೆ ಸುಮಾರು 20 ಮಿಲಿಮೀಟರು. ಹನ್ನೊಂದರಿಂದ ಹನ್ನೆರಡನೆಯದಕ್ಕೆ ಬಂದಾಗ ಅದು 10ಕ್ಕೆ ಇಳಿದಿರುತ್ತದೆ. ತಾರಸ್ಥಾಯಿಯಲ್ಲಿ ದಪ್ಪ ಬೆರಳಿನವರು ಒದ್ದಾಡುತ್ತಾರೆ, ಮಂದ್ರದಲ್ಲಿ ಚಿಕ್ಕ ಕೈಯವರು ಒದ್ದಾಡುತ್ತಾರೆ. ಇದರಲ್ಲಿ ಯಾರದೂ ತಪ್ಪಿಲ್ಲ, ಆದರೆ ಇಬ್ಬರಿಗೂ ಒಂದೇ ವಾದ್ಯ ಕೊಟ್ಟು ಇಬ್ಬರಿಗೂ ಒಂದೇ ಗಾದೆ ಹೇಳಿದರೆ ತಪ್ಪು ಹೇಳಿದವರದು.

ನೆಕ್ಕಿನ ಹಿಂಬದಿಯೂ ಒಂದೇ ಥರ ಇರುವುದಿಲ್ಲ. ಕೆಲವು ದುಂಡಗೆ, ಕೆಲವು ಹಡಗಿನ ತಳದ ಹಾಗೆ ಚೂಪಾಗಿ. ಚೂಪಾದದ್ದು ಹೆಬ್ಬೆರಳ ಬುಡದ ಕಣಿವೆಯಲ್ಲಿ ಚೆನ್ನಾಗಿ ಕೂರುತ್ತದೆ, ಹೆಬ್ಬೆರಳನ್ನು ನೆಕ್ಕಿನ ಹಿಂದೆ ಒತ್ತಿ ಹಿಡಿಯುವವರಿಗೆ ಅದೇ ಏಣು ಚುಚ್ಚುತ್ತದೆ. ದಪ್ಪದ ವಿಷಯಕ್ಕೂ ಒಂದು ಇತಿಹಾಸ ಇದೆ. ಅಮೆರಿಕದ ಗಿಬ್ಸನ್ ಕಂಪನಿ 1920ರ ದಶಕದ ಆರಂಭದಲ್ಲಿ ನೆಕ್ಕಿನೊಳಗೆ ಬಿಗಿ ಮಾಡಬಲ್ಲ ಉಕ್ಕಿನ ಸರಳು ಹಾಕಲು ಶುರುಮಾಡಿತು. ಅದಕ್ಕೆ ಮೊದಲು ನೆಕ್ ಬಾಗದಿರಲು ಇದ್ದ ಉಪಾಯ ಮರವನ್ನು ದಪ್ಪ ಇಡುವುದು. ಸರಳು ಬಂದ ಮೇಲೆ ನೆಕ್ ತೆಳ್ಳಗಾಯಿತು. ಅಂದರೆ ಕೈ ನೂರು ವರ್ಷದ ಹಿಂದೆಯೇ ದೂರು ಕೊಟ್ಟಿತ್ತು, ಕಾರ್ಖಾನೆ ಅದನ್ನು ಕೇಳಿಸಿಕೊಂಡಿತ್ತು.

ನಮ್ಮಲ್ಲಿ ಮ್ಯಾಂಡೊಲಿನ್ ಎಂದ ಕೂಡಲೇ ಎಲ್ಲರೂ ಕೈಮುಗಿಯುವ ಹೆಸರು ಯು. ಶ್ರೀನಿವಾಸ್. ಮುಗಿಯಬೇಕಾದದ್ದೇ. 1969ರಲ್ಲಿ ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿ, 1981ರಲ್ಲಿ ಹನ್ನೆರಡರ ಹುಡುಗನಾಗಿ ಮದರಾಸಿನ ವೇದಿಕೆ ಹತ್ತಿ, 2014ರಲ್ಲಿ ಚೆನ್ನೈನಲ್ಲಿ ತೀರಿಕೊಳ್ಳುವಷ್ಟರಲ್ಲಿ ಕರ್ನಾಟಕ ಸಂಗೀತದಲ್ಲಿ ಈ ವಾದ್ಯಕ್ಕೊಂದು ಮನೆ ಕಟ್ಟಿಕೊಟ್ಟವರು. "ಕೈ ಹೊಂದಿಕೊಳ್ಳುತ್ತೆ" ಎನ್ನುವ ಮೇಷ್ಟ್ರುಗಳು ಕೊನೆಗೆ ಎತ್ತುವುದು ಅವರದೇ ಉದಾಹರಣೆ: ಆ ಪುಟ್ಟ ಹುಡುಗನ ಕೈ ಹೊಂದಿಕೊಳ್ಳಲಿಲ್ಲವೇ?

ಸ್ವಾಮಿ, ಅವರು ಮಾಡಿದ್ದು ಸರಿಯಾಗಿ ಅದರ ಉಲ್ಟಾ. ಎಂಟು ತಂತಿಯ ಜೋಡಿ ವ್ಯವಸ್ಥೆಯನ್ನೇ ಕಿತ್ತುಹಾಕಿ ಐದು ಒಂಟಿ ತಂತಿ ಇಟ್ಟುಕೊಂಡರು. ಟೊಳ್ಳು ಮರದ ವಾದ್ಯ ಬಿಟ್ಟು ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು. ಕಾರಣ ಗಮಕ. ಒಂದು ತಂತಿಯನ್ನು ಅಡ್ಡಕ್ಕೆ ಎಳೆದು ಪೂರ್ತಿ ಒಂದು ಸ್ವರ, ಅಂದರೆ ಎರಡು ಫ್ರೆಟ್ಟಿನಷ್ಟು, ಮೇಲೇರಿಸಬೇಕಾದರೆ ಅದರ ಬಿಗಿತ ಕಾಲು ಪಾಲಿಗಿಂತ ತುಸು ಹೆಚ್ಚೇ ಏರಬೇಕು. ಇದು ಭೌತಶಾಸ್ತ್ರದ ಲೆಕ್ಕ, ಸಾಧನೆಯಿಂದ ಬದಲಾಗುವುದಿಲ್ಲ. ಜೋಡಿ ತಂತಿಯಲ್ಲಿ ಆ ಕೆಲಸ ಎರಡರಷ್ಟು. ಅದೂ ಅಲ್ಲದೆ ಎಳೆಯುವಾಗ ಎರಡು ತಂತಿ ಒಂದೇ ಅಳತೆಗೆ ಸರಿಯುವುದಿಲ್ಲ, ನಡುದಾರಿಯಲ್ಲಿ ಒಂದಕ್ಕೊಂದು ಅಪಶ್ರುತಿ. ಸಾಲದ್ದಕ್ಕೆ ಟೊಳ್ಳು ಮ್ಯಾಂಡೊಲಿನ್‌ನ ಸದ್ದು ಬೇಗ ಆರುತ್ತದೆ, ಜಾರು ಮುಗಿಯುವ ಮೊದಲೇ ಸ್ವರ ಮುಗಿದಿರುತ್ತದೆ. ಹೊಂದಿಕೊಳ್ಳುವ ಕೈಯಾಗಿದ್ದರೆ ನಮಗೆ ಶ್ರೀನಿವಾಸ್ ಸಿಗುತ್ತಿರಲಿಲ್ಲ. ಕುಣಿಯಬಲ್ಲ ಹುಡುಗ ನೆಲ ಡೊಂಕು ಎಂದ, ನೆಲವನ್ನು ಕೆತ್ತಿಸಿ ಸರಿಮಾಡಿಕೊಂಡ.

ಇದರಲ್ಲಿ ಸಂಪ್ರದಾಯ ಮುರಿದದ್ದೂ ಏನಿಲ್ಲ. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ ಮೇಳ ಕಟ್ಟುತ್ತಾರೆ, ಅಗತ್ಯ ಬಿದ್ದಾಗ ಮೇಣ ಕಾಯಿಸಿ ಮತ್ತೆ ಕಟ್ಟುತ್ತಾರೆ. ಪಿಟೀಲು ಕಲಿಯುವ ಮಗುವಿಗೆ ಅರ್ಧ ಅಳತೆಯದು, ಮುಕ್ಕಾಲು ಅಳತೆಯದು ಸಿಗುತ್ತದೆ. ಏಳು ವರ್ಷದ ಕೂಸಿನ ಕೈಗೆ ಪೂರ್ಣ ಪಿಟೀಲು ಕೊಟ್ಟು "ಹೊಂದಿಕೊಳ್ಳುತ್ತೆ" ಎಂದರೆ ಆ ಮೇಷ್ಟ್ರನ್ನು ಯಾವ ತಾಯಿಯೂ ಮನೆಗೆ ಕರೆಯುವುದಿಲ್ಲ. ಮ್ಯಾಂಡೊಲಿನ್ ಮೊದಲೇ ಚಿಕ್ಕದಾಗಿ ಕಾಣುವುದರಿಂದ ಅದು ಎಲ್ಲರ ಕೈಗೂ ಆಗುತ್ತದೆ ಎಂಬ ಭ್ರಮೆ ನಮಗೆ.

ಇನ್ನು ನಾದಪಕ್ಷದ ದೊಡ್ಡ ದೇವಸ್ಥಾನಕ್ಕೇ ಹೋಗೋಣ. ಅದು ಅಮೆರಿಕದಲ್ಲಿದೆ. 1922ರಿಂದ 1924ರವರೆಗೆ ಗಿಬ್ಸನ್ ಕಾರ್ಖಾನೆಯಲ್ಲಿ ಲಾಯ್ಡ್ ಲೋರ್ ಎಂಬಾತನ ಮೇಲ್ವಿಚಾರಣೆಯಲ್ಲಿ ತಯಾರಾಗಿ ಅವನ ಸಹಿ ಹೊತ್ತ ಎಫ್-5 ಮ್ಯಾಂಡೊಲಿನ್‌ಗಳು ಇಂದು ಒಂದು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಗುತ್ತವೆ. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಬ್ಲೂಗ್ರಾಸ್ ಸಂಗೀತದ ಜನಕ ಎನಿಸಿಕೊಂಡ ಬಿಲ್ ಮನ್ರೋ ಅವರದು. ಸಹಿಯ ದಿನಾಂಕ 9 ಜುಲೈ 1923. 1940ರ ದಶಕದಲ್ಲಿ ಫ್ಲಾರಿಡಾದ ಒಂದು ಕ್ಷೌರದಂಗಡಿಯಲ್ಲಿ ಕಂಡು 150 ಡಾಲರಿಗೆ ಕೊಂಡರು. ಒಮ್ಮೆ ರಿಪೇರಿಗೆಂದು ಕಂಪನಿಗೆ ಕಳಿಸಿದಾಗ ತಾವು ಹೇಳಿದ್ದೆಲ್ಲ ಆಗದೆ ವಾಪಸ್ ಬಂತೆಂದು ಸಿಟ್ಟಿಗೆದ್ದು ತಲೆಯ ಮೇಲಿದ್ದ "ದಿ ಗಿಬ್ಸನ್" ಎಂಬುದರಲ್ಲಿ ಗಿಬ್ಸನ್ ಅನ್ನು ಚಾಕುವಿನಿಂದ ಕೆರೆದು ತೆಗೆದರು. "ದಿ" ಮಾತ್ರ ಉಳಿಯಿತು. (ಭಾಷಾಶಾಸ್ತ್ರ ಓದಿದವರಿಗೆ ಇದಕ್ಕಿಂತ ಒಳ್ಳೆಯ ವಾದ್ಯ ಇರಲಾರದು.) 1985ರಲ್ಲಿ ಯಾರೋ ಅವರ ಮನೆಗೆ ನುಗ್ಗಿ ಆ ವಾದ್ಯವನ್ನು ಕಬ್ಬಿಣದ ಸಲಾಕೆಯಿಂದ ಚೂರುಚೂರು ಮಾಡಿದರು. ಅದೇ ಕಂಪನಿಯ ಕುಶಲಕರ್ಮಿ ಚಾರ್ಲಿ ಡೆರಿಂಗ್ಟನ್ ಆ ಚೂರುಗಳನ್ನು ಕೂಡಿಸಿ ಅಂಟಿಸಿಕೊಟ್ಟ ಮೇಲೆ ಮನ್ರೋ ಮತ್ತೆ ಅದನ್ನೇ ನುಡಿಸಿದರು.

ಈಗ ಹೇಳಿ, ಆ ವಾದ್ಯದ ಜಗತ್ಪ್ರಸಿದ್ಧ ಸದ್ದು ಯಾವುದು? "ಚಾಪ್". ತಾಳದ ಎದುರೇಟಿಗೆ ಬೀಳುವ, ಡ್ರಮ್ಮಿನ ಬದಲಿಗೆ ನಿಲ್ಲುವ, ಒಣಗಿದ, ತುಂಡಾದ ಟಕ್. ಅದು ಹುಟ್ಟುವುದು ಹೇಗೆ? ಬಲಗೈ ಹೊಡೆದ ಮರುಕ್ಷಣ ಎಡಗೈ ಬೆರಳುಗಳು ಒತ್ತಡ ಸಡಿಲಿಸಿ, ತಂತಿ ಬಿಡದೆ, ಸದ್ದನ್ನು ಕೊಲ್ಲುವುದರಿಂದ. ಹಾಗೆ ಕೊಲ್ಲಬೇಕಾದರೆ ನಾಲ್ಕು ಜೋಡಿಯ ಮೇಲೂ ಬೆರಳಿರಬೇಕು. ಅವರು ಜಿ ಎನ್ನುವ ಸ್ವರಮೇಳಕ್ಕೆ ಬಳಸುವ ಹಿಡಿತದಲ್ಲಿ ಒಂದು ಬೆರಳು ಎರಡನೆಯ ಫ್ರೆಟ್ಟಿನಲ್ಲಿ, ಇನ್ನೊಂದು ಏಳನೆಯದರಲ್ಲಿ. ಸುಮಾರು 78 ಮಿಲಿಮೀಟರ್ ಚಾಚು. ಲೋರನ ಮರವೂ ಅಲ್ಲ, ವಾರ್ನಿಷೂ ಅಲ್ಲ. ಆ ಸದ್ದಿನ ಅರ್ಧ ಭಾಗ ನೆಕ್ಕಿನ ಮೇಲೆ ಎಡಗೈ ಬಿಗಿಯುವ ಸಡಿಲಿಸುವ ಆಟ. ಚಾಚಲಾಗದ ಕೈಗೆ ಒಂದು ಲಕ್ಷ ಡಾಲರಿನ ವಾದ್ಯ ಕೊಡಿ, ಟಕ್ ಬರುವುದಿಲ್ಲ, ಟಬ್ ಬರುತ್ತದೆ.

ಮಹಾನ್ ನಾದದ ಬಗ್ಗೆ ನಮ್ಮ ಕಿವಿಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ಪಿಟೀಲಿನ ಲೋಕದಲ್ಲಿ ಎರಡು ಪರೀಕ್ಷೆಗಳಾಗಿವೆ. ಕ್ಲೋಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು ನಡೆಸಿದ್ದು, ಪ್ರಕಟವಾದದ್ದು 2012 ಮತ್ತು 2014ರಲ್ಲಿ. ಮೊದಲನೆಯದರಲ್ಲಿ 21 ವಾದಕರು, ಎರಡನೆಯದರಲ್ಲಿ 10 ಜನ ಹೆಸರುವಾಸಿ ಏಕವಾದಕರು. ಕಪ್ಪು ಕನ್ನಡಕ ಹಾಕಿಸಿ, ಸ್ಟ್ರಾಡಿವೇರಿಯಸ್‌ನಂಥ ಹಳೆಯ ಇಟಾಲಿಯನ್ ಪಿಟೀಲುಗಳನ್ನೂ ಹೊಸದಾಗಿ ಮಾಡಿದವನ್ನೂ ಕೊಟ್ಟರೆ, ಯಾವುದು ಹಳೆಯದು ಎಂದು ಅವರಿಗೆ ನೆಚ್ಚಿಕೊಳ್ಳುವಂತೆ ಹೇಳಲಾಗಲಿಲ್ಲ, ಹೆಚ್ಚು ಮೆಚ್ಚುಗೆ ಹೊಸವಕ್ಕೇ ಬಂತು. ಇದರಿಂದ ಎಲ್ಲ ವಾದ್ಯದ ನಾದವೂ ಒಂದೇ ಎಂದು ಸಾಬೀತಾಗುವುದಿಲ್ಲ. ವಾದಕರಿಗೆ ತಮ್ಮ ಇಷ್ಟ ಸ್ಪಷ್ಟವಾಗಿತ್ತು. ಆ ಇಷ್ಟಕ್ಕೂ ಹೆಸರಿಗೂ ಸಂಬಂಧ ಇರಲಿಲ್ಲ, ಅಷ್ಟೆ. ನಾವು ಕಿವಿಯಿಂದ ಆರಿಸಿದೆವು ಎಂದುಕೊಳ್ಳುವಾಗ ಎಷ್ಟೋ ಸಲ ಆರಿಸಿರುವುದು ಕಣ್ಣು, ಬೆಲೆಚೀಟಿ ಮತ್ತು ಕೇಳಿದ ಕತೆ.

ನನ್ನ ವಿರುದ್ಧದ ಮಾತುಗಳೂ ಗೊತ್ತಿವೆ. ಮುಂಬೈಯ ಹಿರಿಯ ಶ್ರೋತೃಗಳು ಸಜ್ಜಾದ್ ಹುಸೇನರ ಹೆಸರು ಹೇಳುತ್ತಾರೆ. ಹಿಂದಿ ಚಿತ್ರರಂಗದ ಆ ಹಟಮಾರಿ ಸಂಗೀತ ನಿರ್ದೇಶಕ ಮಾಮೂಲಿ ಮ್ಯಾಂಡೊಲಿನ್‌ನಲ್ಲೇ ರಾಗ ನುಡಿಸಿ ಮೀಂಡ್ ತೆಗೆಯುತ್ತಿದ್ದರಲ್ಲ, ಅವರೇನು ತಂತಿ ಕಿತ್ತರೇ ಎಂದು. ಸರಿ. ಒಬ್ಬರು ಬರಿಗಾಲಲ್ಲಿ ಕುಮಾರಪರ್ವತ ಹತ್ತಿದರು ಎಂದು ಚಪ್ಪಲಿ ಅಂಗಡಿಯಲ್ಲಿ ಅಳತೆ ಕೇಳುವುದನ್ನು ನಿಲ್ಲಿಸುತ್ತೇವೆಯೇ? ಅಸಾಮಾನ್ಯರ ಕತೆ ಅವರ ಬಗ್ಗೆ ಹೇಳುತ್ತದೆ, ಚಪ್ಪಲಿ ಬಗ್ಗೆ ಹೇಳುವುದಿಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಇದೆ. ಮರ ಸುಳ್ಳಲ್ಲ. ಇಡೀ ಮರದಿಂದ ಕೆತ್ತಿದ ಸ್ಪ್ರೂಸ್ ಮುಖಕ್ಕೂ ಪ್ಲೈವುಡ್ ಒತ್ತಿ ಮಾಡಿದ ಮುಖಕ್ಕೂ ವ್ಯತ್ಯಾಸ ಕೇಳುತ್ತದೆ, ನನಗೂ ಕೇಳುತ್ತದೆ. ಮೊಟ್ಟೆಯಾಕಾರದ ತೂತಿರುವ ವಾದ್ಯದ ಸದ್ದು ಹರಡಿಕೊಂಡು ಉಳಿಯುತ್ತದೆ, ಪಿಟೀಲಿನಂತೆ ಎರಡು ಎಫ್ ತೂತಿರುವುದು ಚುರುಕಾಗಿ ಎದುರಿಗೆ ಬರುತ್ತದೆ. ಇವನ್ನು ಆಮೇಲೆ ಬದಲಿಸಲಾಗದು, ಒಪ್ಪಿದೆ. ಆದರೆ ಅಂಗಡಿಯಲ್ಲಿ ನಾದ ಎಂದು ನಿಮ್ಮ ಕಿವಿಗೆ ಬೀಳುವುದರಲ್ಲಿ ಇವಲ್ಲದ್ದು ಎಷ್ಟಿದೆ ನೋಡಿ. ತಂತಿ ಹೊಸದೋ ಎರಡು ವರ್ಷ ಗೋಡೆಯ ಮೇಲೆ ತುಕ್ಕು ಹಿಡಿದದ್ದೋ. ಪಿಕ್ ತೆಳ್ಳಗಿನ ಪ್ಲಾಸ್ಟಿಕ್ಕೋ ಒಂದೂವರೆ ಮಿಲಿಮೀಟರ್ ದಪ್ಪದ್ದೋ. ಕುದುರೆ ಸರಿಯಾದ ಜಾಗದಲ್ಲಿದೆಯೋ. ಮ್ಯಾಂಡೊಲಿನ್ ಕುದುರೆ ಅಂಟಿಸಿದ್ದಲ್ಲ, ತಂತಿಯ ಒತ್ತಡದಲ್ಲಿ ನಿಂತದ್ದು, ಯಾರೋ ಕೈತಾಗಿಸಿ ಸರಿಸಿದ್ದರೆ ಹನ್ನೆರಡನೆಯ ಫ್ರೆಟ್ ಅಪಶ್ರುತಿಯೇ. ಅಂಗಡಿಯ ಟೈಲ್ಸ್ ನೆಲ, ಗಾಜಿನ ಗೋಡೆ. ಇವೆಲ್ಲಕ್ಕಿಂತ ಹೆಚ್ಚಾಗಿ, ನಿಮಗೆ ನುಡಿಸಿ ತೋರಿಸುತ್ತಿರುವ ಅಂಗಡಿಯ ಹುಡುಗನ ಇಪ್ಪತ್ತು ವರ್ಷದ ಕೈ. ಆ ಕೈಯನ್ನು ಅವನು ಬಿಲ್ಲಿಗೆ ಸೇರಿಸಿ ಕಟ್ಟಿಕೊಡುವುದಿಲ್ಲ. ತಂತಿ, ಪಿಕ್, ಕುದುರೆ, ತಂತಿಯ ಎತ್ತರ, ಇವೆಲ್ಲವೂ ಸಾವಿರದೊಳಗೋ ಸಾವಿರದ ಆಚೀಚೆಯೋ ಸರಿಹೋಗುವಂಥವು. ನೆಕ್ಕಿನ ಅಗಲ ಯಾವ ಬೆಲೆಗೂ ಹೆಚ್ಚಾಗುವುದಿಲ್ಲ.

ಹೀಗೆ ಸಿಟ್ಟು ಮಾಡಿಕೊಳ್ಳುವಂಥದ್ದು ಇದರಲ್ಲಿ ಏನಿದೆ ಎನ್ನುವವರಿಗೆ: ಮಾಟುಂಗಾದಲ್ಲಿರುವ ನನ್ನ ಸಂಬಂಧಿಯೊಬ್ಬರು ಐವತ್ತೆಂಟನೆಯ ವಯಸ್ಸಿಗೆ, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದ ವರ್ಷ, ಮ್ಯಾಂಡೊಲಿನ್ ಕಲಿಯಲು ಸೇರಿದರು. ಅವರ ಕೈ ಚಿಕ್ಕದು. ಕೊಡಿಸಿದ ವಾದ್ಯದ ನೆಕ್ ಬೆಲ್ಲದಚ್ಚಿನಷ್ಟು ದಪ್ಪ, ಹನ್ನೆರಡನೆಯ ಫ್ರೆಟ್ ಮೇಲೆ ತಂತಿ ಮೂರು ಮಿಲಿಮೀಟರಿಗೂ ಎತ್ತರ. ಒಂದೂವರೆಯಿಂದ ಎರಡು ಇರಬೇಕಾದ ಜಾಗ ಅದು. ನಾಲ್ಕು ತಿಂಗಳು "ಹೊಂದಿಕೊಳ್ಳುತ್ತೆ" ಕೇಳಿದರು. ಕೈ ಮಣಿಕಟ್ಟಿನಿಂದ ಜೋಮು ಹಿಡಿಯತೊಡಗಿದಾಗ ಮೂಳೆ ವೈದ್ಯರು ನಿಲ್ಲಿಸಿ ಎಂದರು. ನಿಲ್ಲಿಸಿದರು. ಈಗ ಅವರು ಹೇಳುವುದು, "ನನಗೆ ಸಂಗೀತ ಒಲಿಯಲಿಲ್ಲ ಕಣೇ. ಆ ವಾದ್ಯದ್ದು ಏನು ಒಳ್ಳೇ ನಾದ ಇತ್ತು, ನನ್ನ ಕೈಯಲ್ಲೇ ಇರಲಿಲ್ಲ." ಮೂರು ಮಿಲಿಮೀಟರಿನ ತಪ್ಪು ಒಬ್ಬ ಮನುಷ್ಯಳ ಮನಸ್ಸಿನಲ್ಲಿ ಯೋಗ್ಯತೆಯ ತೀರ್ಪಾಗಿ ಕೂತಿದೆ. ಆ ಎತ್ತರವನ್ನು ಕುದುರೆಯ ಎರಡು ತಿರುಪು ತಿರುಗಿಸಿ, ನಟ್ಟಿನ ಗಾಡಿ ಒಂದಿಷ್ಟು ಉಜ್ಜಿ ಮಧ್ಯಾಹ್ನದೊಳಗೆ ಇಳಿಸಬಹುದಿತ್ತು. ದಪ್ಪ ನೆಕ್ಕನ್ನು ಮೊದಲ ದಿನವೇ ಬೇಡ ಎನ್ನಬಹುದಿತ್ತು. ಯಾರೂ ನೋಡಲಿಲ್ಲ, ಏಕೆಂದರೆ ಎಲ್ಲರೂ ನಾದ ಕೇಳುತ್ತಿದ್ದರು.

ಇಂಥವರು ಎಷ್ಟು ಜನ ಎಂದು ಎಣಿಸಿದವರಿಲ್ಲ. ಚಿಕ್ಕ ಕೈಯ ಹೆಂಗಸರು, ಹತ್ತು ವರ್ಷದ ಮಕ್ಕಳು, ಗಂಟು ನೋವು ಶುರುವಾದ ನಿವೃತ್ತರು. ಮುಂಬೈಯಲ್ಲೋ ಪುಣೆಯಲ್ಲೋ ದೆಹಲಿಯಲ್ಲೋ ಸಂಜೆಯ ಒಂದು ಗಂಟೆ ಕದ್ದು ಕಲಿಯಲು ಬರುವವರು ಹೆಚ್ಚಾಗಿ ಇವರೇ. ಇವರ ಬೆನ್ನಿಗೆ ಗುರುಪರಂಪರೆಯ ಶ್ರದ್ಧೆ ಬೇರೆ: ವಾದ್ಯ ದೇವರು, ದೇವರ ಬಗ್ಗೆ ದೂರಬಾರದು. ನವರಾತ್ರಿಯಲ್ಲಿ ನಾನೂ ಅರಿಶಿನ ಕುಂಕುಮ ಇಡುತ್ತೇನೆ. ದೇವರ ಮಂಟಪದ ಕಾಲು ಅಲುಗಾಡಿದರೆ ಕೆಳಗೆ ಮರದ ಚಕ್ಕೆಯನ್ನೂ ಇಡುತ್ತೇನೆ.

ಹಾಗಾಗಿ ಕೊಳ್ಳಲು ಹೋಗುವವರಲ್ಲಿ ನನ್ನ ಕೋರಿಕೆ. ಧೋಬಿ ತಲಾವ್, ಮೌಂಟ್ ರೋಡ್, ನಯೀ ಸಡಕ್, ಎಲ್ಲಿ ಅಂಗಡಿಗೆ ಕಾಲಿಟ್ಟು ಹೋಗಲು ಸಾಧ್ಯವೋ ಅಲ್ಲಿ ಹೋಗಿ, ಆನ್‌ಲೈನ್ ಬೇಡ. ಒಂದು ಪ್ಲಾಸ್ಟಿಕ್ ಸ್ಕೇಲು ಜೇಬಿನಲ್ಲಿರಲಿ. ಅಂಗಡಿಯವರು ನುಡಿಸಿ ತೋರಿಸಲು ಬಂದರೆ ನಯವಾಗಿ ಬೇಡ ಎನ್ನಿ. ಬಲಗೈ ಸುಮ್ಮನಿರಲಿ, ಎಡಗೈಯನ್ನು ಮಾತ್ರ ನೆಕ್ಕಿನ ಮೇಲೆ ಹತ್ತು ನಿಮಿಷ ಓಡಾಡಿಸಿ. ಎರಡರಿಂದ ಏಳಕ್ಕೆ ಚಾಚಿ ನೋಡಿ. ಕಣ್ಣು ಮುಚ್ಚಿ ಒಂದೇ ಜೋಡಿ ಒತ್ತಿ, ಪಕ್ಕದ್ದು ತಾಗುತ್ತದೆಯೇ ಗಮನಿಸಿ. ನಟ್ ಅಳೆಯಿರಿ, 27 ಇದ್ದರೆ ತೆಳ್ಳನೆ ಬೆರಳಿನವರು ಯೋಚಿಸಬಹುದು, ದಪ್ಪ ಬೆರಳಿನವರು ಕೆಳಗಿಡಬಹುದು. ಹನ್ನೆರಡನೆಯ ಫ್ರೆಟ್ ಮೇಲಿನ ಎತ್ತರ ನೋಡಿ, ಜಾಸ್ತಿ ಇದ್ದರೆ ಇಳಿಸಿಕೊಟ್ಟ ಮೇಲೆ ಮತ್ತೆ ಬರುತ್ತೇನೆ ಎನ್ನಿ. ಹತ್ತು ನಿಮಿಷದಲ್ಲಿ ಹೆಬ್ಬೆರಳಿನ ಬುಡ ಮಾತಾಡತೊಡಗಿದರೆ ಅದರ ಮಾತು ಕೇಳಿ, ಮೇಷ್ಟ್ರದಲ್ಲ.

ಎರಡು ನೆಕ್ಕೂ ನಿಮ್ಮ ಕೈಗೆ ಒಪ್ಪಿದರೆ ಆಗ ಧಾರಾಳವಾಗಿ ನಾದಕ್ಕೆ ಬನ್ನಿ. ಎರಡಕ್ಕೂ ಒಂದೇ ಥರದ ಹೊಸ ತಂತಿ ಹಾಕಿಸಿ, ದುಡ್ಡು ನೀವೇ ಕೊಡಿ. ಒಂದೇ ಪಿಕ್ ಹಿಡಿದು ನಿಮ್ಮ ಸ್ನೇಹಿತರು ನುಡಿಸಲಿ, ನೀವು ಬೆನ್ನು ತಿರುಗಿಸಿ ಕೂತು ಯಾವುದು ಟಣ್ ಎನ್ನುತ್ತದೆ ಯಾವುದು ಟಕ್ ಎನ್ನುತ್ತದೆ ಕೇಳಿ. ಆಗಲೂ ಒಂದೇ ತಯಾರಕರ, ಒಂದೇ ಥರದ ತೂತಿನ ಎರಡರ ನಡುವೆ ಸಿಕ್ಕಿಕೊಂಡರೆ, ಸುರುಳಿ ಕೆತ್ತಿದ ಚಂದದ ಎಫ್ ಮಾದರಿಯನ್ನು ಬಿಟ್ಟು ಹಲಸಿನ ಬೀಜದಂತಿರುವ ಸಾದಾ ಎ ಮಾದರಿಯನ್ನು ಕೊಳ್ಳಿ. ಆ ಸುರುಳಿ ಅಲಂಕಾರ. ಉಳಿದ ದುಡ್ಡಿನಲ್ಲಿ ಒಬ್ಬ ಒಳ್ಳೆಯ ರಿಪೇರಿಯವರನ್ನು ಹುಡುಕಿ ಫ್ರೆಟ್ ಮಟ್ಟ ಮಾಡಿಸಿ.